ಹತ್ತು ರೂಪಾಯಿಯೊಳಗೆ ಮನೆಯಲ್ಲೇ ಬಾಡಿ ಸ್ಕ್ರಬ್: ಚರ್ಮಕ್ಕೆ ನೋವಾಗದಂತೆ ಮೈ ತಿಕ್ಕುವ ಬಗೆ

ಕೆಲವು ವರ್ಷಗಳ ಹಿಂದೆ ನನ್ನ ಬೆನ್ನಿನ ಮೇಲ್ಭಾಗದಲ್ಲಿ ಬೂದಿ ಬೆರೆತ ಕಂದು ಬಣ್ಣದ ಕಲೆಯೊಂದು ಹರಡತೊಡಗಿತು. ಅದು ಕೊಳೆ ಎಂದೇ ತಿಳಿದಿದ್ದೆ. ಬಚ್ಚಲುಮನೆಯ ಮೊಳೆಗೆ ನೇತುಹಾಕಿದ್ದ ನೈಲಾನ್ ಬಲೆಯಿಂದ ದಿನವೂ ತಿಕ್ಕುತ್ತಿದ್ದೆ. ತಿಕ್ಕಿದಷ್ಟೂ ಕಪ್ಪಾಯಿತು, ಕಪ್ಪಾದಷ್ಟೂ ತಿಕ್ಕಿದೆ. ಕೊನೆಗೆ ಚರ್ಮವೈದ್ಯರ ಬಳಿ ಹೋದಾಗ ಅವರು ಆ ಜಾಗವನ್ನು ಬೆರಳ ತುದಿಯಿಂದ ಒಮ್ಮೆ ಸವರಿ, ಕೇಳಿದ್ದು ಒಂದೇ ಪ್ರಶ್ನೆ: “ಮೈ ತಿಕ್ಕಲು ಏನು ಬಳಸುತ್ತೀರಮ್ಮ?”

ಹೇಳಿದೆ. “ಅದನ್ನು ಇವತ್ತೇ ಎಸೆಯಿರಿ. ಇದು ಕೊಳೆಯಲ್ಲ, ತಿಕ್ಕಿ ತಿಕ್ಕಿ ಬಂದ ಕಪ್ಪು” ಎಂದರು. ಕಲೆ ತಿಳಿಯಾಗಲು ಒಂದು ವರ್ಷವೇ ಹಿಡಿಯಿತು. ಅದರ ನೆರಳು ಈಗಲೂ ಇದೆ.

ಅಂದಿನಿಂದ ಮೈಗೆ ಏನನ್ನೇ ಹಚ್ಚುವ ಮುನ್ನ ಅದರ ತರಿಯನ್ನು ಬೆರಳಲ್ಲಿ ಹೊಸಕಿ ನೋಡುವುದು ನನ್ನ ಅಭ್ಯಾಸವಾಗಿದೆ. ಸ್ಕ್ರಬ್ ಮಾಡಿಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಒರಟಾದ ಮೊಣಕೈ, ಚಳಿಗಾಲದಲ್ಲಿ ಬಿಳಿ ಹೊಟ್ಟೇಳುವ ಮೊಣಕಾಲ ಕೆಳಗಿನ ಭಾಗ, ಗಟ್ಟಿಯಾದ ಹಿಮ್ಮಡಿ, ಇವಕ್ಕೆಲ್ಲ ಅದರಿಂದ ನಿಜವಾದ ಉಪಯೋಗವಿದೆ. ಅಂಗಡಿಯಲ್ಲಿ ಮುನ್ನೂರು, ನಾನೂರು ರೂಪಾಯಿ ಕೊಟ್ಟು ತರುವ ಡಬ್ಬಿ ಮಾಡುವ ಕೆಲಸವನ್ನು ಅಡುಗೆಮನೆಯ ಸಕ್ಕರೆ, ಎಣ್ಣೆ, ಹೆಸರು ಹಿಟ್ಟು ಕೂಡ ಮಾಡುತ್ತವೆ. ಆದರೆ ಹೇಗೆ ತಿಕ್ಕಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಯಾವ ಡಬ್ಬಿಯೂ ಹೇಳಿಕೊಡುವುದಿಲ್ಲ.

ಸ್ಕ್ರಬ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಮ್ಮ ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಒಳಗಿನಿಂದ ಹೊಸ ಕೋಶಗಳು ಹುಟ್ಟಿ ಮೇಲಕ್ಕೆ ಬರುತ್ತವೆ, ಬರುತ್ತಾ ಚಪ್ಪಟೆಯಾಗಿ ಒಣಗುತ್ತವೆ, ಕೊನೆಗೆ ಕಣ್ಣಿಗೆ ಕಾಣದಂತೆ ಉದುರಿಹೋಗುತ್ತವೆ. ಈ ಸುತ್ತು ಮುಗಿಯಲು ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಒಣ ಹವೆ, ಗಡಸು ನೀರು, ತೀಕ್ಷ್ಣವಾದ ಸಾಬೂನು ಸೇರಿಕೊಂಡರೆ ಉದುರಬೇಕಾದದ್ದು ಉದುರದೆ ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಮುಟ್ಟಿದರೆ ತರಿತರಿ, ನೋಡಿದರೆ ಕಳೆಗುಂದಿದಂತೆ. ಹೀಗೆ ಸಡಿಲವಾಗಿ ನಿಂತ ಪದರವನ್ನು ಸರಿಸುವುದಷ್ಟೇ ಸ್ಕ್ರಬ್ಬಿನ ಕೆಲಸ.

ಅದು ಮೈಬಣ್ಣವನ್ನು ತಿಳಿಗೊಳಿಸುವುದಿಲ್ಲ. ನಮ್ಮ ಬಣ್ಣ ಹುಟ್ಟುವುದು ಆ ಸತ್ತ ಪದರಕ್ಕಿಂತ ಕೆಳಗೆ, ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸುವ ಕೋಶಗಳಲ್ಲಿ. ಕಂದು ಮೈಬಣ್ಣದವರಲ್ಲಿ ಆ ಕೋಶಗಳು ಬಹಳ ಸೂಕ್ಷ್ಮ. ಗೀರು, ಉರಿ, ಉಜ್ಜಾಟ, ಯಾವುದೇ ಆದರೂ ಅವುಗಳ ಉತ್ತರ ಒಂದೇ: ಇನ್ನಷ್ಟು ಕಪ್ಪು. ಸೊಳ್ಳೆ ಕಚ್ಚಿದ ಜಾಗವನ್ನು ಕೆರೆದಾಗ ತಿಂಗಳುಗಟ್ಟಲೆ ಉಳಿಯುವ ಕಪ್ಪು ಚುಕ್ಕೆಯನ್ನು ನೆನಪಿಸಿಕೊಳ್ಳಿ. ಬೆಳ್ಳಗಾಗಬೇಕೆಂದು ಬಲವಾಗಿ ತಿಕ್ಕುವವರು ಅದೇ ಚುಕ್ಕೆಯನ್ನು ಮೈತುಂಬ ಹರಡಿಕೊಳ್ಳುತ್ತಾರೆ. ಮದುವೆಯ ಮುನ್ನ ಹೆಣ್ಣುಮಕ್ಕಳನ್ನು ಕೂರಿಸಿ ಕೆಂಪಾಗುವ ತನಕ ಉಜ್ಜುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಕನ್ನಡಿಯ ಮುಂದೆ ನಿಲ್ಲಿ

ಸಕ್ಕರೆ ಡಬ್ಬಿಗೆ ಕೈ ಹಾಕುವ ಮುನ್ನ ಬೆಳಕಿರುವ ಕಡೆ ನಿಂತು ಮೈ ನೋಡಿಕೊಳ್ಳಿ. ಗಾಯ, ಬಿಸಿಲಿಗೆ ಸುಟ್ಟ ಚರ್ಮ, ಇಸುಬು, ಕೀವು ತುಂಬಿದ ಮೊಡವೆ ಇರುವಲ್ಲಿ ಸ್ಕ್ರಬ್ ಬೇಡ. ಅಂಚು ಕೆಂಪಾಗಿ ಉಂಗುರದ ಹಾಗೆ ಹರಡುವ ಹುಳುಕಡ್ಡಿ ಇದ್ದರೆ ಅದರ ಹತ್ತಿರಕ್ಕೂ ಹೋಗಬೇಡಿ. ಅದು ಶಿಲೀಂಧ್ರದ ಸೋಂಕು. ತಿಕ್ಕಿದ ಕೈಯೇ ಅದನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ, ಟವೆಲ್ ಹಂಚಿಕೊಂಡರೆ ಮನೆಯವರಿಗೂ ಹಬ್ಬುತ್ತದೆ. ಎದೆ, ಬೆನ್ನಿನ ಮೇಲೆ ತೆಳ್ಳನೆ ಹೊಟ್ಟಿನೊಂದಿಗೆ ಬರುವ ಚಿಬ್ಬು ಕೂಡ ತಿಕ್ಕಿದರೆ ಹೋಗುವಂಥದ್ದಲ್ಲ, ಅದಕ್ಕೆ ಬೇರೆಯೇ ಔಷಧಿ ಇದೆ. ಮೊಡವೆಗೆ ವೈದ್ಯರು ಕೊಡುವ ರೆಟಿನಾಯ್ಡ್‌ನಂಥ ಮುಲಾಮು ಹಚ್ಚುತ್ತಿದ್ದರೆ ಆ ಜಾಗವನ್ನೂ ಬಿಟ್ಟುಬಿಡಿ.

ಕುತ್ತಿಗೆಯ ಹಿಂಭಾಗ ಮತ್ತು ಕಂಕುಳ ಮಡಿಕೆಗಳಲ್ಲಿ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಕಮಲ್ಲಿನಂತೆ ತೋರುವ ಚರ್ಮದ ಬಗ್ಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. “ಕುತ್ತಿಗೆಯನ್ನು ಸರಿಯಾಗಿ ತೊಳೆಯುವುದಿಲ್ಲ” ಎಂದು ಎಷ್ಟೋ ಮಕ್ಕಳು ಬೈಸಿಕೊಳ್ಳುವುದು ಇದಕ್ಕೇ. ಇದು ಕೊಳೆಯಲ್ಲ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಹೀಗಾಗುವುದು ಸಾಮಾನ್ಯ. ಅಂಥವರಿಗೆ ಬೇಕಾದದ್ದು ಸಕ್ಕರೆಯ ಸ್ಕ್ರಬ್ ಅಲ್ಲ, ರಕ್ತದ ಸಕ್ಕರೆಯ ಪರೀಕ್ಷೆ. ದಯವಿಟ್ಟು ಮಕ್ಕಳ ಕುತ್ತಿಗೆಯನ್ನು ತೆಂಗಿನ ನಾರಿನಿಂದ ಉಜ್ಜಬೇಡಿ, ವೈದ್ಯರಿಗೆ ತೋರಿಸಿ.

ತರಿ: ಚಿರೋಟಿ ರವೆಯಷ್ಟು, ಅದಕ್ಕಿಂತ ದಪ್ಪ ಬೇಡ

ಒಳ್ಳೆಯ ಸ್ಕ್ರಬ್ಬಿಗೂ ಕೆಟ್ಟದ್ದಕ್ಕೂ ಇರುವ ಮುಖ್ಯ ವ್ಯತ್ಯಾಸ ಕಾಳಿನ ಗಾತ್ರ ಮತ್ತು ಅಂಚಿನದು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಅಳತೆಗೋಲು ಸಿದ್ಧವಾಗಿಯೇ ಇದೆ. ಮೈದಾ ಹಿಟ್ಟಿನಷ್ಟು ನಯವಾದರೆ ಏನೂ ಸರಿಯುವುದಿಲ್ಲ. ಉಪ್ಪಿಟ್ಟಿನ ರವೆಯಷ್ಟು ದಪ್ಪವಾದರೆ ಹಿಮ್ಮಡಿಗೆ ಮಾತ್ರ ಸಾಕು. ಕೈಕಾಲುಗಳಿಗೆ ಬೇಕಾದದ್ದು ಚಿರೋಟಿ ರವೆಯ ಗಾತ್ರ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಚಿಟಿಕೆ ಹಿಡಿದು ಹೊಸಕಿದಾಗ ಕಾಳು ಗೊತ್ತಾಗಬೇಕು, ಆದರೆ ಚುಚ್ಚಬಾರದು.

ನನ್ನ ಆಯ್ಕೆ ಸಕ್ಕರೆ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಒದ್ದೆ ಮೈಮೇಲೆ ತಿಕ್ಕುತ್ತಾ ಹೋದಂತೆ ಕಾಳಿನ ಮೂಲೆಗಳು ಸವೆದು, ಉರುಟಾಗಿ, ಒಂದು ನಿಮಿಷದಲ್ಲಿ ಇಲ್ಲವಾಗುತ್ತದೆ. ನೀವು ನಿಲ್ಲಿಸದಿದ್ದರೂ ಸಕ್ಕರೆಯೇ ನಿಲ್ಲಿಸುತ್ತದೆ. ಅಕ್ರೋಟಿನ ಸಿಪ್ಪೆ ಪುಡಿ, ಒಡೆದ ಅಕ್ಕಿಯ ತರಿ ಇಂಥವಕ್ಕೆ ಈ ಗುಣವಿಲ್ಲ. ಮೊದಲ ಸುತ್ತಿನಲ್ಲಿ ಎಷ್ಟು ಚೂಪೋ ಐವತ್ತನೆಯ ಸುತ್ತಿನಲ್ಲೂ ಅಷ್ಟೇ ಚೂಪು. ಉಪ್ಪೂ ಕರಗುತ್ತದೆ, ಆದರೆ ಕಣ್ಣಿಗೆ ಕಾಣದ ಸಣ್ಣ ಗೀರಿದ್ದರೂ ಸುರ್ರೆಂದು ಉರಿಯುತ್ತದೆ.

ಸಕ್ಕರೆ ಸ್ಕ್ರಬ್ ಕಲಸುವುದು

ಎರಡೂ ಕೈ, ಎರಡೂ ಕಾಲಿಗೆ ಆಗುವಷ್ಟು ಅಳತೆ ಇದು: ಸಕ್ಕರೆ ಆರು ಟೀ ಚಮಚ, ಎಣ್ಣೆ ಮೂರು ಟೀ ಚಮಚ. ಸಕ್ಕರೆಗೆ ಒಂದೆರಡು ರೂಪಾಯಿ, ತೆಂಗಿನೆಣ್ಣೆಯಾದರೆ ಆರೇಳು ರೂಪಾಯಿ. ಅಡುಗೆಗೆ ಬಳಸುವ ಸೂರ್ಯಕಾಂತಿ ಎಣ್ಣೆಯಾದರೆ ಒಟ್ಟು ಖರ್ಚು ಐದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಎಳ್ಳೆಣ್ಣೆಯೂ ಆದೀತು. ಒಮ್ಮೆ ಕರಿದು ಉಳಿದ ಎಣ್ಣೆ ಮಾತ್ರ ಬೇಡ.

ಮಿಕ್ಸಿಯ ಚಿಕ್ಕ ಜಾರನ್ನು ಚೆನ್ನಾಗಿ ಒರೆಸಿ ಒಣಗಿಸಿ. ಹಿಂದಿನ ದಿನ ಅದರಲ್ಲಿ ಮೆಣಸಿನಕಾಯಿ ತಿರುವಿದ್ದರೆ ಒಂದು ಹಿಡಿ ಅಕ್ಕಿ ಹಾಕಿ ತಿರುವಿ ಚೆಲ್ಲಿ, ತೊಳೆದು, ಮೂಸಿ ನೋಡಿ. ಖಾರದ ಅಂಶ ಉಳಿದಿದ್ದರೆ ಮೈಯೆಲ್ಲ ಉರಿಯುತ್ತದೆ. ಸಕ್ಕರೆ ಹಾಕಿ, ಗುಂಡಿಯನ್ನು ಒತ್ತಿ ಬಿಡಿ, ಒತ್ತಿ ಬಿಡಿ, ಹೀಗೆ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಓಡಲು ಬಿಟ್ಟರೆ ಪುಡಿಸಕ್ಕರೆಯಾಗುತ್ತದೆ, ಎಣ್ಣೆ ಬೆರೆಸಿದ ಕೂಡಲೇ ಅಂಟಾಗುತ್ತದೆ. ಜಾರ್ ತೆರೆದು ಚಿಟಿಕೆ ಹೊಸಕಿ ನೋಡಿ. ಚಿರೋಟಿ ರವೆಯ ಗಾತ್ರಕ್ಕೆ ಬಂದಿದ್ದರೆ ಒಣಗಿದ ಬಟ್ಟಲಿಗೆ ಸುರಿಯಿರಿ.

ಎಣ್ಣೆಯನ್ನು ಒಮ್ಮೆಗೇ ಹುಯ್ಯಬೇಡಿ. ಮೊದಲು ಎರಡು ಚಮಚ ಹಾಕಿ ಕಲಸಿ, ಆಮೇಲೆ ಮೂರನೆಯದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಹದ ಯಾವುದು ಎಂದರೆ ರವೆ ಉಂಡೆ ಕಟ್ಟುವ ಹದ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಎಣ್ಣೆ ಹೆಚ್ಚಾದರೆ ಸಕ್ಕರೆ ತಳಕ್ಕಿಳಿದು ಎಣ್ಣೆ ಮೇಲೆ ನಿಲ್ಲುತ್ತದೆ, ಕಡಿಮೆಯಾದರೆ ಮೈಮೇಲೆ ನಿಲ್ಲದೆ ನೆಲಕ್ಕೆ ಉದುರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಕಡೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಸ್ವಭಾವವೇ ಹಾಗೆ. ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಸಾಕು.

ಇಷ್ಟೇ. ಪರಿಮಳ ಬೇಕೆನಿಸಿದರೆ ನೆರಳಲ್ಲಿ ಒಣಗಿಸಿದ ಗುಲಾಬಿ ದಳದ ಪುಡಿ ಅರ್ಧ ಚಮಚ ಸೇರಿಸಬಹುದು. ಅಂದಂದಿನದ್ದನ್ನು ಅಂದಂದೇ ಕಲಸುವುದು ಉತ್ತಮ. ಉಳಿಸಿಟ್ಟುಕೊಳ್ಳುವುದಾದರೆ ಬಚ್ಚಲಿಗೆ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು, ಮಿಕ್ಕಿದ್ದನ್ನು ಒಣ ಗಾಜಿನ ಸೀಸೆಯಲ್ಲಿ ಹೊರಗಡೆಯೇ ಇಡಿ. ಒದ್ದೆ ಕೈ ಒಮ್ಮೆ ಸೀಸೆಯೊಳಗೆ ಹೋದರೆ ಬೂಷ್ಟು ಬರುವ ದಾರಿ ತೆರೆದಂತೆ.

ಮೊದಲ ಬಾರಿ ಮಾಡುವವರು ಹಿಂದಿನ ದಿನವೇ ಮೊಣಕೈಯ ಒಳಮಡಿಕೆಯ ಬಳಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಮೆಲ್ಲಗೆ ಸವರಿ ತೊಳೆದು, 24 ಗಂಟೆ ಕಾದು ನೋಡಿ. ತುರಿಕೆ, ದದ್ದು, ಉರಿ ಕಂಡರೆ ಅದು ನಿಮಗಲ್ಲ. ಅಡುಗೆಗೆ ಬಳಸುವ ಪದಾರ್ಥ ಎಂದಮಾತ್ರಕ್ಕೆ ಎಲ್ಲರ ಚರ್ಮವೂ ಒಪ್ಪಲೇಬೇಕೆಂದಿಲ್ಲ.

ಬಚ್ಚಲುಮನೆಯಲ್ಲಿ

ಸ್ಕ್ರಬ್ ಅರ್ಧ ಕೆಲಸ ಮಾಡಿದರೆ, ಇನ್ನರ್ಧ ಕೆಲಸ ಮಾಡುವುದು ನೀರು. ಒಣ ಮೈಯನ್ನು ತಿಕ್ಕುವುದೆಂದರೆ ನೆನೆಸದ ಅಕ್ಕಿಯನ್ನು ರುಬ್ಬಿದ ಹಾಗೆ. ಮೊದಲು ಬೆಚ್ಚಗಿನ ನೀರನ್ನು ಐದಾರು ಚೊಂಬು ಹುಯ್ದುಕೊಂಡು ಐದು ನಿಮಿಷ ಸುಮ್ಮನೆ ಕೂರಿ. ಮಣೆಯೋ ಸ್ಟೂಲೋ ಇದ್ದರೆ ಒಳ್ಳೆಯದು, ಎಣ್ಣೆ ಬೀಳುವ ನೆಲದ ಮೇಲೆ ಒಂಟಿಕಾಲಿನಲ್ಲಿ ನಿಂತು ಪಾದ ತಿಕ್ಕುವ ಸಾಹಸ ಬೇಡ. ನೀರು ಆರಿದಂತೆನಿಸಿದರೆ ಮತ್ತೆರಡು ಚೊಂಬು. ತೀರಾ ಸುಡುವ ನೀರು ಚರ್ಮದ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ, ಹದವಾದ ಬಿಸಿ ಸಾಕು.

ಚರ್ಮ ಮೆತ್ತಗಾದ ಮೇಲೆ ಒಂದು ಟೀ ಚಮಚದಷ್ಟನ್ನು ಅಂಗೈಗೆ ತೆಗೆದುಕೊಳ್ಳಿ. ಪಾದದ ಮೇಲಿನಿಂದ ಶುರು ಮಾಡಿ ಮೊಣಕಾಲಿನ ಕಡೆಗೆ ಬನ್ನಿ. ಅಂಗೈ ಚಪ್ಪಟೆಯಾಗಿರಲಿ, ಉಗುರು ತಾಗದಿರಲಿ, ಕೈ ಸಣ್ಣ ಸಣ್ಣ ಸುತ್ತಿನಲ್ಲಿ ತಿರುಗಲಿ. ಒತ್ತಡ ಎಷ್ಟಿರಬೇಕು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು: ಮೊಬೈಲ್ ಪರದೆಯ ಮೇಲಿನ ಬೆರಳ ಗುರುತನ್ನು ಒರೆಸುವಾಗ ಎಷ್ಟು ಒತ್ತುತ್ತೀರೋ ಅಷ್ಟು. ತಪ್ಪಲೆ ಬೆಳಗುವ ಕೈ ಇಲ್ಲಿಗೆ ಹೊಂದುವುದಿಲ್ಲ. ಒಂದು ಜಾಗಕ್ಕೆ ಅರ್ಧ ನಿಮಿಷ, ಮನಸ್ಸಿನಲ್ಲಿ ಮೂವತ್ತು ಎಣಿಸಿ ಮುಂದಕ್ಕೆ ಹೋಗಿ.

ಮೊಣಕಾಲ ಚಿಪ್ಪು, ಮೊಣಕೈಗಳನ್ನು ಮಡಚಿಕೊಂಡು ತಿಕ್ಕಿದರೆ ನೆರಿಗೆಗಳು ಬಿಡಿಸಿಕೊಂಡು ಒಳಗೂ ತಲುಪುತ್ತದೆ. ಇವೆರಡು ಕಡೆ ಚರ್ಮ ದಪ್ಪ, ಹದಿನೈದು ಸುತ್ತು ಹೆಚ್ಚಿಗೆ ಹಾಕಬಹುದು. ತೊಡೆಯ ಒಳಭಾಗ, ಹೊಟ್ಟೆ, ತೋಳಿನ ಒಳಮೈ ತೆಳು, ಅಲ್ಲಿ ಸವರಿದರೆ ಸಾಕು. ಎದೆಯ ತೊಟ್ಟು, ಗುಪ್ತಾಂಗ, ಆಗತಾನೇ ಕೂದಲು ತೆಗೆದ ಕಂಕುಳು, ಇವನ್ನು ಮುಟ್ಟಲೇಬೇಡಿ. ಮುಖಕ್ಕೂ ಇದು ಅಲ್ಲ. ಮೈಗೆ ಮಾಡಿದ ತರಿಯನ್ನು ಮುಖ ತಾಳುವುದಿಲ್ಲ, ತೆಂಗಿನೆಣ್ಣೆ ಕೆಲವರ ಮುಖದಲ್ಲಿ ಮೊಡವೆ ಎಬ್ಬಿಸುತ್ತದೆ.

ತೋಳಿನ ಹಿಂಭಾಗದಲ್ಲಿ ಕೆಲವರಿಗೆ ರೋಮಾಂಚನವಾದಾಗ ಏಳುವಂಥ ಸಣ್ಣ ಗುಳ್ಳೆಗಳು ಸದಾ ಇರುತ್ತವೆ. ರೋಮದ ಬುಡದಲ್ಲಿ ಕೆರಾಟಿನ್ ಎಂಬ ಚರ್ಮದ ಪ್ರೋಟೀನ್ ಸಿಕ್ಕಿಕೊಂಡು ಆಗುವ, ತೀರಾ ಸಾಮಾನ್ಯವಾದ, ತೊಂದರೆಯಿಲ್ಲದ ಸ್ಥಿತಿ ಅದು. ಹಿಸುಕಬೇಡಿ. ಸ್ಕ್ರಬ್ಬಿನಿಂದ ಎರಡು ದಿನ ನಯವೆನಿಸಬಹುದು, ಬುಡಸಮೇತ ಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲವಿರುವ ಕ್ರೀಮನ್ನು ದಿನವೂ ಹಚ್ಚುವುದು ಅದಕ್ಕೆ ಹೆಚ್ಚು ಸರಿ.

ಬೆನ್ನಿಗೆ ಕೈ ಎಟುಕುವುದಿಲ್ಲ ಎಂಬ ಕಾರಣಕ್ಕೇ ನಾನು ನೈಲಾನ್ ಬಲೆ ಹಿಡಿದದ್ದು. ಈಗ ಹಳೆಯ, ತೊಳೆದು ತೊಳೆದು ಮೆತ್ತಗಾದ ಹತ್ತಿಯ ತೆಳು ಟವೆಲನ್ನು ಉದ್ದಕ್ಕೆ ಮಡಚಿ, ನಡುವೆ ಸ್ವಲ್ಪ ಸ್ಕ್ರಬ್ ಬಳಿದು, ಎರಡೂ ತುದಿ ಹಿಡಿದು ನಾಲ್ಕೈದು ಸಲ ಸಡಿಲವಾಗಿ ಎಳೆದಾಡುತ್ತೇನೆ. ತುಪ್ಪದ ಹೀರೆಯ ನಾರು ನೆನೆದರೆ ಮೃದುವಾಗುತ್ತದೆ, ಅದೂ ಆದೀತು. ಆದರೆ ನಾರಿನ ಜೊತೆಗೆ ತರಿಯೂ ಬೇಡ, ಎರಡರಲ್ಲಿ ಒಂದು ಸಾಕು. ನಾರನ್ನು ಬಳಸಿದ ಮೇಲೆ ಬಚ್ಚಲಲ್ಲಿ ಬಿಡದೆ ಬಿಸಿಲಿಗೆ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ.

ಇನ್ನು ಹಿಮ್ಮಡಿ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟ ಮೇಲೆ ಇಲ್ಲಿ ಮಾತ್ರ ಪುಡಿ ಮಾಡದ ಸಕ್ಕರೆಯನ್ನು ಬಳಸಬಹುದು. ಬಿರುಕು ಬಿಟ್ಟು ಒಳಗೆ ಕೆಂಪು ಕಾಣುತ್ತಿದ್ದರೆ ತಿಕ್ಕುವಂತಿಲ್ಲ, ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾಗಿರುವವರು ಹಿಮ್ಮಡಿ ಉಜ್ಜುವ ಕಲ್ಲು, ತರಿ ಎರಡನ್ನೂ ದೂರವಿಡಬೇಕು. ಗಾಯವಾದದ್ದೇ ಅವರಿಗೆ ತಿಳಿಯದೆ ಹೋಗುತ್ತದೆ.

ಎಲ್ಲ ಸೇರಿ ಐದಾರು ನಿಮಿಷ. ಚರ್ಮ ತುಸು ಗುಲಾಬಿಯಾದಂತೆ ಕಂಡರೆ ಸರಿ. ಉರಿ ಶುರುವಾದರೆ ಆಗಲೇ ಮಿತಿ ಮೀರಿದ್ದೀರಿ.

ತೊಳೆದ ಮೇಲಿನ ಮೂರು ನಿಮಿಷ

ಬೆಚ್ಚಗಿನ ನೀರು ಹುಯ್ದರೆ ಸಕ್ಕರೆಯೆಲ್ಲ ಕರಗಿ ಹೋಗುತ್ತದೆ, ಎಣ್ಣೆಯ ತೆಳು ಪೊರೆ ಉಳಿಯುತ್ತದೆ. ಆ ಪೊರೆಯ ಮೇಲೆ ಮತ್ತೆ ಸಾಬೂನು ಹಾಕಿ ಚಕಚಕ ಎನ್ನುವ ಹಾಗೆ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಕಂಕುಳು, ಪಾದಗಳಿಗಷ್ಟೇ ಸಾಬೂನು ಸಾಕು. ಟವೆಲಿನಿಂದ ಉಜ್ಜಿ ಒರೆಸದೆ ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ಹಸಿಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ, ನಿತ್ಯ ಬಳಸುವ ಮಾಯಿಶ್ಚರೈಸರನ್ನೋ ನಾಲ್ಕು ಹನಿ ಎಣ್ಣೆಯನ್ನೋ ಸವರಿಕೊಳ್ಳಿ. ನೀರನ್ನು ಒಳಗೇ ಹಿಡಿದಿಡುವುದು ಇದೇ.

ಆ ದಿನ ಬಿಸಿಲಿಗೆ ಹೋಗಬೇಕಾದರೆ ತೋಳು ಮುಚ್ಚುವ ಬಟ್ಟೆ ತೊಡಿ, ಇಲ್ಲವೇ ಸನ್‌ಸ್ಕ್ರೀನ್ ಹಚ್ಚಿ. ನಾನು ಇದನ್ನು ಸಂಜೆಯ ಸ್ನಾನಕ್ಕೆ ಇಟ್ಟುಕೊಂಡಿರುವುದು ಅದಕ್ಕೇ. ಕಾಲಿನ ಕೂದಲು ಶೇವ್ ಮಾಡುವವರು ಸ್ಕ್ರಬ್ಬನ್ನು ಮೊದಲು ಮಾಡಬೇಕು, ಆಮೇಲಲ್ಲ. ವ್ಯಾಕ್ಸ್ ಮಾಡಿಸುವವರು ಒಂದೆರಡು ದಿನ ಮುಂಚೆ ಮಾಡಿ, ಮಾಡಿಸಿದ ನಂತರ ಎರಡು ಮೂರು ದಿನ ಬಿಡಬೇಕು.

ಬಚ್ಚಲ ನೆಲವನ್ನು ಮರೆಯಬೇಡಿ. ನಿಮ್ಮ ನಂತರ ಸ್ನಾನಕ್ಕೆ ಹೋಗುವವರು ಮನೆಯ ಹಿರಿಯರಾಗಿರಬಹುದು. ಎಣ್ಣೆ ಬಿದ್ದ ಕಡೆ ಒಂದು ಹಿಡಿ ಕಡಲೆಹಿಟ್ಟನ್ನೋ ಸೋಪಿನ ಪುಡಿಯನ್ನೋ ಉದುರಿಸಿ, ಬ್ರಷ್‌ನಿಂದ ಉಜ್ಜಿ, ಬಿಸಿನೀರು ಹಾಕಿಯೇ ಹೊರಬನ್ನಿ.

ತರಿಯೇ ಒಗ್ಗದವರಿಗೆ ಹೆಸರು ಹಿಟ್ಟು

ಸಕ್ಕರೆಯೂ ಒರಟೆನಿಸುವ ಚರ್ಮಗಳಿವೆ. ಅರವತ್ತು ದಾಟಿದವರದ್ದು, ಬೇಗ ಕೆಂಪಾಗುವವರದ್ದು. ಅವರಿಗೆ ಹಳೆಯ ಹೆಸರು ಹಿಟ್ಟೇ ಸರಿ. ನರಕ ಚತುರ್ದಶಿಯ ಎಣ್ಣೆಸ್ನಾನದ ಕ್ರಮವನ್ನು ಗಮನಿಸಿದರೆ ಅದರಲ್ಲೇ ಇಡೀ ಪಾಠವಿದೆ. ಹಿಂದಿನ ಸಂಜೆ ಹಂಡೆ ಬೆಳಗಿ ನೀರು ತುಂಬುವುದು, ಬೆಳಗಾಗುವ ಮುನ್ನ ಎಣ್ಣೆ ಹಚ್ಚಿ ನೆನೆಯಲು ಬಿಡುವುದು, ಬಿಸಿನೀರು, ಆಮೇಲೆ ಸೀಗೆಪುಡಿಯೋ ಹಿಟ್ಟೋ. ಮೊದಲು ಮೆತ್ತಗಾಗಿಸಿ ಆನಂತರವೇ ತಿಕ್ಕುತ್ತಿದ್ದರು. ಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತಿತ್ತು, ಜೊತೆಯಲ್ಲೇ ಸಡಿಲವಾದ ಚರ್ಮವನ್ನೂ ಕರೆದೊಯ್ಯುತ್ತಿತ್ತು.

ಸಿಪ್ಪೆ ತೆಗೆದ ಹೆಸರುಬೇಳೆಯನ್ನು ಬಿಸಿಲಲ್ಲಿ ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ತರಿ ದೋಸೆಹಿಟ್ಟಿಗೆ ಹೋಗಲಿ, ಮೈಗೆ ಬೇಡ. ಮೂರು ಚಮಚ ಹಿಟ್ಟಿಗೆ ಹಾಲು ಅಥವಾ ಮೊಸರು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಒದ್ದೆ ಮೈಗೆ ಬಳಿದು, ಪೂರ್ತಿ ಒಣಗಲು ಬಿಡದೆ, ಕೈಗೆ ನೀರು ಮುಟ್ಟಿಸಿಕೊಳ್ಳುತ್ತಾ ಸವರಿ ತೆಗೆಯಬೇಕು. ಒಣಗಿ ಬಿರುಕು ಬಿಟ್ಟ ಮೇಲೆ ಉಜ್ಜಿದರೆ ರೋಮಗಳೂ ಕಿತ್ತು ಬರುತ್ತವೆ, ಚರ್ಮವೂ ಕೆಂಪಾಗುತ್ತದೆ. ಉಜ್ಜುವಾಗ ಬತ್ತಿ ಬತ್ತಿಯಾಗಿ ಉರುಳುವುದನ್ನು ನೋಡಿ “ಎಷ್ಟು ಕೊಳೆ!” ಎಂದು ಗಾಬರಿಪಡುವವರಿದ್ದಾರೆ. ಅದರಲ್ಲಿ ಬಹುಪಾಲು ಹಿಟ್ಟೇ.

ಅರಿಶಿನ ಹಾಕುವವರು ಚಿಟಿಕೆಗೆ ನಿಲ್ಲಿಸಿ. ಅಡುಗೆಯ ಅರಿಶಿನ ಟವೆಲಿಗೆ, ಉಗುರಿಗೆ, ಕಾಲರಿಗೆ ಹಿಡಿಯುವ ಹಳದಿ ಸುಲಭಕ್ಕೆ ಬಿಡುವುದಿಲ್ಲ.

ಕಾಫಿ ಚರಟದ ಬಗ್ಗೆ

ಫಿಲ್ಟರಿನಲ್ಲಿ ಉಳಿದ ಚರಟವನ್ನು ಬಳಸಬಹುದೇ ಎಂದು ಅನೇಕರು ಕೇಳುತ್ತಾರೆ. ಬಳಸಬಹುದು. ದುಡ್ಡು ಕೊಡಬೇಕಿಲ್ಲ, ಫಿಲ್ಟರ್ ಕಾಫಿಯ ಪುಡಿ ನಯವಾಗಿಯೇ ಇರುತ್ತದೆ. ಆದರೆ ಅದು ಕರಗುವುದಿಲ್ಲವಾದ್ದರಿಂದ ಲೆಕ್ಕ ಇಟ್ಟುಕೊಂಡು ನಿಲ್ಲಿಸಬೇಕಾದವರು ನೀವೇ. ಒಂದು ಪಾಲು ಚರಟಕ್ಕೆ ಎರಡು ಪಾಲು ಪುಡಿ ಮಾಡಿದ ಸಕ್ಕರೆ ಬೆರೆಸಿದರೆ ಹದವಾಗುತ್ತದೆ. ಅಂದಿನ ಚರಟವನ್ನು ಅಂದೇ ಬಳಸಿ, ಮಾರನೆಯ ದಿನಕ್ಕೆ ಬೂಷ್ಟು ಹಿಡಿಯಬಹುದು. ಎಣ್ಣೆಯ ಜೊತೆ ಸೇರಿ ಮೋರಿಯಲ್ಲಿ ಗಟ್ಟಿಯಾಗಿ ಕೂರುವುದೂ ಅದೇ. ಬಚ್ಚಲ ತೂಬಿಗೆ ಹಳೆಯ ತೆಳು ಬಟ್ಟೆಯೊಂದನ್ನು ಹಾಸಿಟ್ಟು, ಸಿಕ್ಕಿಕೊಂಡ ಚರಟವನ್ನು ಕಸಕ್ಕೆ ಹಾಕಿ. ಕಾಫಿಯಿಂದ ತಿಕ್ಕಿದರೆ ತೊಡೆಯ ಕೊಬ್ಬು ಕರಗುತ್ತದೆ ಎಂಬ ಮಾತನ್ನು ನಂಬಬೇಡಿ.

ನಿಂಬೆಹಣ್ಣನ್ನು ಅರ್ಧಕ್ಕೆ ಕತ್ತರಿಸಿ ಸಕ್ಕರೆಯಲ್ಲಿ ಅದ್ದಿ ಮೊಣಕೈಗೆ ತಿಕ್ಕುವ ವಿಡಿಯೊಗಳನ್ನೂ ನೀವು ನೋಡಿರುತ್ತೀರಿ. ನಿಂಬೆರಸ ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಗುಳ್ಳೆಯೆದ್ದು, ತಿಂಗಳುಗಟ್ಟಲೆ ಕಪ್ಪು ಉಳಿಯಬಹುದು. ಅಡುಗೆ ಸೋಡಾ ಕ್ಷಾರ. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ಆ ರಕ್ಷಣೆಯನ್ನೇ ಅದು ಕೆಡಿಸುತ್ತದೆ. ಹಲ್ಲುಜ್ಜುವ ಪೇಸ್ಟ್ ಇರುವುದು ಹಲ್ಲಿಗೆ. ಅಂಗಡಿಯ ಸ್ಕ್ರಬ್ಬನ್ನೇ ಕೊಳ್ಳುವವರು ಡಬ್ಬಿಯ ಹಿಂದೆ ಪಾಲಿಎಥಿಲೀನ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದು ಪ್ಲಾಸ್ಟಿಕ್, ನಿಮ್ಮ ಮೈಯಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗಿ ಅಲ್ಲೇ ಉಳಿಯುತ್ತದೆ. ಅಮೆರಿಕ 2015ರಲ್ಲೇ ಅಂಥ ಸಣ್ಣ ಪ್ಲಾಸ್ಟಿಕ್ ಮಣಿಗಳ ವಿರುದ್ಧ ಕಾನೂನು ಮಾಡಿತು.

ಎಷ್ಟು ದಿನಕ್ಕೊಮ್ಮೆ

ಕೈಕಾಲಿಗೆ ವಾರಕ್ಕೊಮ್ಮೆ. ಎರಡು ಸಲಕ್ಕಿಂತ ಹೆಚ್ಚು ಯಾರಿಗೂ ಬೇಡ. ಕಲಬುರಗಿ, ವಿಜಯಪುರದ ಒಣ ಚಳಿಯಲ್ಲಿ ಹತ್ತು ದಿನಕ್ಕೊಮ್ಮೆ ಮಾಡಿ, ಎಣ್ಣೆಯನ್ನು ಅರ್ಧ ಚಮಚ ಹೆಚ್ಚಿಸಿ. ಮಂಗಳೂರಿನಂಥ ಬೆವರುವ ಊರಿನಲ್ಲಿ ಎಣ್ಣೆ ಕಡಿಮೆ ಸಾಕು, ಬೆವರುಸಾಲೆ ಎದ್ದಿರುವ ತಿಂಗಳುಗಳಲ್ಲಿ ಸ್ಕ್ರಬ್ಬೇ ಬೇಡ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಸಾಬೂನು ನೊರೆಯಾಗದೆ ಚರ್ಮದ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಅದನ್ನೇ ಸತ್ತ ಚರ್ಮ ಎಂದುಕೊಂಡು ತಿಕ್ಕುವವರುಂಟು. ಅಲ್ಲಿ ಮೊದಲು ಸಾಬೂನು ಕಡಿಮೆ ಮಾಡಿ ನೋಡಿ. ಮದುವೆ, ಹಬ್ಬ ಇದ್ದರೆ ಎರಡು ಮೂರು ದಿನ ಮುಂಚಿತವಾಗಿ ಮಾಡಿಕೊಳ್ಳಿ, ಹಿಂದಿನ ರಾತ್ರಿ ಹೊಸ ಪ್ರಯೋಗ ಬೇಡ. ಚಿಕ್ಕ ಮಕ್ಕಳಿಗೆ ಸ್ಕ್ರಬ್ಬಿನ ಅಗತ್ಯವೇ ಇಲ್ಲ.

ಎಡಗೈಗೆ ಮಾತ್ರ ಮಾಡಿ ನೋಡಿ

ಇದರಿಂದ ನಿಮಗೆ ಉಪಯೋಗವಿದೆಯೇ ಎಂದು ತಿಳಿಯಲು ನನ್ನ ಮಾತನ್ನು ನಂಬಬೇಕಾಗಿಲ್ಲ. ನಾಲ್ಕು ವಾರ ಎಡಗೈ ಮತ್ತು ಎಡಗಾಲಿಗೆ ಮಾತ್ರ ಸ್ಕ್ರಬ್ ಮಾಡಿ. ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ಮಾತ್ರ ಎರಡೂ ಕಡೆಗೆ ಸಮನಾಗಿ ಹಚ್ಚಿ. ಪ್ರತಿ ಭಾನುವಾರ ಅದೇ ಕಿಟಕಿಯ ಬೆಳಕಿನಲ್ಲಿ ಎರಡೂ ಮೊಣಕೈಗಳ ಫೋಟೊ ತೆಗೆದಿಡಿ, ಕಣ್ಣು ಮುಚ್ಚಿಕೊಂಡು ಎರಡನ್ನೂ ಮುಟ್ಟಿ ನೋಡಿ.

ನಾನು ಹೀಗೆ ಮಾಡಿದಾಗ ಎರಡನೆಯ ವಾರಕ್ಕೇ ಎಡ ಮೊಣಕೈ ಬೆರಳಿಗೆ ನಯವಾಗಿ ಸಿಕ್ಕಿತು, ಮೊಣಕಾಲ ಕೆಳಗಿನ ಬಿಳಿ ಹೊಟ್ಟೂ ಹೋಯಿತು. ತೋಳಿನಲ್ಲಿ ಮಾತ್ರ ನಾಲ್ಕನೆಯ ವಾರಕ್ಕೂ ಎಡ ಬಲದ ವ್ಯತ್ಯಾಸ ಕಾಣಲಿಲ್ಲ. ಎರಡೂ ತೋಳು ಮೃದುವಾಗಿದ್ದವು, ಅದು ದಿನವೂ ಹಚ್ಚಿದ ಎಣ್ಣೆಯ ಕೆಲಸ. ಹಾಗಾಗಿ ಈಗ ಮೊಣಕೈ, ಮೊಣಕಾಲು, ಪಾದಕ್ಕಷ್ಟೇ ಸಕ್ಕರೆ ಕಲಸುತ್ತೇನೆ. ಎರಡು ಚಮಚ ಸಕ್ಕರೆ, ಒಂದು ಚಮಚ ಎಣ್ಣೆ ಸಾಕಾಗುತ್ತದೆ.